ಬೇವಿನ ಮರಕ್ಕೆ ಕಟ್ಟದ ಅರಿವೆ

ಒಣಗಿದ ಕಾಲುವೆಗೆ ಮೊದಲ ನೀರು ಬರುವಾಗ ಒಂದು ವಾಸನೆ ಏಳುತ್ತದೆ. ಅದು ಮಳೆಯ ವಾಸನೆಯಲ್ಲ. ಬಿಸಿಲಿಗೆ ಕಾದ ಸಿಮೆಂಟು, ತಳದಲ್ಲಿ ಬಿರುಕು ಬಿಟ್ಟ ಕರಿ ಕೆಸರು, ಒಣ ಪಾಚಿ, ಸತ್ತ ಏಡಿ, ಹಾವಿನ ಪೊರೆ, ಎಲ್ಲವೂ ಒಮ್ಮೆಲೇ ನೆನೆದಾಗ ಬರುವ ವಾಸನೆ. ಮೂವತ್ತು ವರ್ಷ ಕಾಲುವೆಯ ಗೇಟಿನ ಮೇಲೆ ದುಡಿದವನು ನಾನು. ಕೆಲಸ ಬಿಟ್ಟು ಬಹಳ ದಿನವಾಯಿತು. ಆದರೂ ಆ ವಾಸನೆ ಬಂದರೆ ನನ್ನ ಕೈ ತಾನೇ ಚೀಲದೊಳಗೆ ಹೋಗಿ ಒಂದು ಕೆಂಪು ಅರಿವೆಯನ್ನು ಹುಡುಕುತ್ತದೆ.

ಹೋದ ತಿಂಗಳು ಕಿರಿಯ ಮಗನ ಲಗ್ನಪತ್ರಿಕೆ ಕೊಡಲು ಕ್ಯಾಂಪಿಗೆ ಹೋಗಿದ್ದೆ. ಕಾಲುವೆ ಬಂದ ಹೊಸದರಲ್ಲಿ ಆಂಧ್ರದ ಕಡೆಯ ರೈತರು ಬಂದು, ನಮ್ಮ ಜೋಳದ ಹೊಲಗಳನ್ನು ಹಿಡಿದು, ಮಡಿ ಮಾಡಿ ಭತ್ತ ಹಚ್ಚಿ, ಅಲ್ಲೇ ಮನೆ ಕಟ್ಟಿಕೊಂಡರು. ಅಂಥ ಊರುಗಳಿಗೆ ನಮ್ಮಲ್ಲಿ ಕ್ಯಾಂಪು ಎನ್ನುತ್ತಾರೆ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆ ಬಿಟ್ಟು ಎಡಕ್ಕೆ ಕಾಲುವೆಯ ದಂಡೆ ಹಿಡಿದು ನಡೆದರೆ ಈ ಕ್ಯಾಂಪು ಸಿಗುತ್ತದೆ. ಅಂದು ಕುಡಿಯುವ ನೀರಿಗೆಂದು ಕಾಲುವೆ ಬಿಟ್ಟಿದ್ದರು. ನೀರಿನ ಮೂತಿ ನೊರೆ ನೂಕಿಕೊಂಡು, ಒಣ ಕಡ್ಡಿಗಳನ್ನು ಹೊತ್ತುಕೊಂಡು ನನ್ನ ಪಕ್ಕದಲ್ಲೇ ಹರಿದು ಬರುತ್ತಿತ್ತು. ನಾನು ಬೇಗ ಬೇಗ ಹೆಜ್ಜೆ ಹಾಕಿ ಅದನ್ನು ಹಿಂದೆ ಬಿಟ್ಟೆ.

ಕ್ಯಾಂಪಿನ ಬಾಯಲ್ಲಿ ಈಗ ಸರ್ಕಾರಿ ಶಾಲೆ ಇದೆ. ಬೇಸಿಗೆ ರಜೆ ಮುಗಿದು ಆಗತಾನೆ ತೆರೆದಿತ್ತು. ಜಗಲಿಯ ಮೇಲೆ ಮೂವತ್ತು ನಲವತ್ತು ಮಕ್ಕಳು ಬೋರಲಾಗಿ ಮಲಗಿದ್ದರು. ಎಲ್ಲರ ಎರಡೂ ಕೈ ಕುತ್ತಿಗೆಯ ಹಿಂದೆ ಹೆಣೆದುಕೊಂಡಿದ್ದವು. ಹುಡುಗ ವಯಸ್ಸಿನ ಮಾಸ್ತರರೊಬ್ಬರು ನಡುವೆ ಓಡಾಡುತ್ತ, ಗಾಳಿ ಎದ್ದಾಗ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳುತ್ತಿದ್ದರು. ನಾನು ಗೋಡೆ ಹಿಡಿದು ನಿಂತೆ. ಅವರು ಆಮೇಲೆ ಹೇಳಿದ ಮಾತನ್ನು ಕೊನೆಗೆ ಬರೆಯುತ್ತೇನೆ. ಮೊದಲು ಆ ಬೇಸಿಗೆಯನ್ನು ಬರೆಯಬೇಕು. ನಾನು ಓದಿದ್ದು ಆರನೆಯ ಇಯತ್ತೆ. ಬರೆದು ರೂಢಿಯಿಲ್ಲ. ಬಾಯಿಂದ ಹೇಳಲು ಆಗಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಕಾಲುವೆಗೆ ನೀರು ಬಂದು ಆಗ ಏಳೆಂಟು ವರ್ಷವಾಗಿರಬೇಕು. ನಮ್ಮ ಭಾಗದ ಉಪಕಾಲುವೆಯ ಗೇಟಿನ ಮೇಲೆ ನಾನು ತಾತ್ಪೂರ್ತಿಕ ಆಳು, ಇನ್ನೂ ಖಾಯಂ ಆಗಿರಲಿಲ್ಲ. ಮೇಲಿನಿಂದ ಚೀಟಿ ಬಂದರೆ ಗೇಟು ಎತ್ತುವುದು, ಚೀಟಿ ಬಂದರೆ ಇಳಿಸುವುದು. ನನ್ನ ತಂಗಿ ಸುಜಾತಾ ನನಗಿಂತ ಆರು ವರ್ಷ ಚಿಕ್ಕವಳು. ನಮ್ಮ ಮನೆಯಲ್ಲಿ ಪಿಯುಸಿ ಮುಟ್ಟಿದವಳು ಅವಳೊಬ್ಬಳೇ. ಬುದ್ಧನ ಪಟದ ಕೆಳಗೆ ಅವಳ ಮಾರ್ಕ್ಸ್ ಕಾರ್ಡಿಗೂ ಕಟ್ಟು ಹಾಕಿಸಿ ಮೊಳೆ ಹೊಡೆದಿದ್ದೆವು. ಗುರುಮಠಕಲ್ ಕಡೆಯಿಂದ ಭತ್ತದ ಕೆಲಸಕ್ಕೆ ಬಂದ ಕೂಲಿಯವರ ಮಕ್ಕಳಿಗೆ ಕಲಿಸಲು ಒಂದು ಸಂಸ್ಥೆಯವರು ಅವಳನ್ನು ನೇಮಿಸಿದ್ದರು. ಕ್ಯಾಂಪಿನ ಅಂಚಿನಲ್ಲಿ, ಕಾಲುವೆಗೆ ಹತ್ತಿಕೊಂಡು, ನಾಲ್ಕು ಕಂಬದ ಮೇಲೆ ತಗಡು ಹೊದಿಸಿದ ಒಂದು ಶೆಡ್ಡು, ಅದೇ ಶಾಲೆ. ಇಪ್ಪತ್ತೆರಡು ಮಕ್ಕಳು. ಅವರು ಇವಳನ್ನು ಅಕ್ಕೋರು ಎನ್ನುತ್ತಿದ್ದರು. ತಾಯಿ ತಂದೆ ಕೊಯ್ಲು ಮುಗಿಸಿ ಬರುವವರೆಗೆ ಮಕ್ಕಳು ಅಲ್ಲೇ ಇರುತ್ತಿದ್ದರು.

ಅದರ ಹಿಂದಿನ ವರ್ಷ ಬೇಸಿಗೆಯ ಅಡ್ಡಮಳೆಯ ಕಾಲದಲ್ಲಿ ಪಕ್ಕದ ಕ್ಯಾಂಪಿನಲ್ಲಿ ಸುಂಟರಗಾಳಿ ಎದ್ದಿತ್ತು. ನಮ್ಮ ಎರೆಭೂಮಿಯಲ್ಲಿ ಬೇಸಿಗೆಗೆ ಸಣ್ಣ ಸುಳಿಗಾಳಿ ದಿನವೂ ಏಳುತ್ತವೆ. ಒಳಗೆ ದೆವ್ವ ಇದೆ ಎಂದು ಮಕ್ಕಳು ಉಗುಳಿ ಓಡುತ್ತಾರೆ. ಇದು ಹಾಗಿರಲಿಲ್ಲ. ಮೋಡದಿಂದಲೇ ಇಳಿದು ಬಂದದ್ದು. ತಗಡಿನ ಶೆಡ್ಡು ಎಗರಿ ಹೋಗದಿರಲಿ ಎಂದು ನಮ್ಮ ಕಡೆ ಕೂಲಿಯವರು ಗಾಳಿ ಎದ್ದಾಗ ಒಂದು ಕೆಲಸ ಮಾಡುತ್ತಾರೆ: ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಒಳಗೆ ಹೋಗಿ ಅಡ್ಡ ಜಂತಿಗೆ ಜೋತು ಬೀಳುತ್ತಾರೆ. ಮೈಭಾರಕ್ಕೆ ಶೆಡ್ಡು ನಿಲ್ಲುತ್ತದೆ ಎಂಬ ನಂಬಿಕೆ. ಆ ವರ್ಷ ಶೆಡ್ಡು ಜೋತು ಬಿದ್ದವರನ್ನೂ ಎತ್ತಿಕೊಂಡು ಹೋಗಿ ಗದ್ದೆಯಲ್ಲಿ ಒಗೆಯಿತು. ಒಬ್ಬ ಹುಡುಗನ ಕೈ ತಗಡಿಗೆ ಕತ್ತರಿಸಿ ಹೋಯಿತು.

ಸುಜಾತಾ ಆ ಹುಡುಗನನ್ನು ಯಾದಗಿರಿಯ ಆಸ್ಪತ್ರೆಯಲ್ಲಿ ನೋಡಿ ಬಂದಳು. ಆಮೇಲೆ ತರಬೇತಿಗೆ ಹೋದಾಗ ಗಾಳಿಯ ಬಗ್ಗೆ ಚಿತ್ರಗಳಿದ್ದ ತೆಳ್ಳನೆಯ ಪುಸ್ತಕವೊಂದನ್ನು ತಂದಳು. ಅದರಲ್ಲಿ ಬರೆದಿತ್ತಂತೆ: ಗಟ್ಟಿ ಮನೆಯಿದ್ದರೆ ಒಳಗಿನ ಕೋಣೆ ಸೇರಬೇಕು, ಇಲ್ಲದಿದ್ದರೆ ಬಯಲಿನಲ್ಲಿ ಎಲ್ಲಕ್ಕಿಂತ ತಗ್ಗಾದ ಜಾಗ ಹುಡುಕಿ ಬೋರಲಾಗಿ ಮಲಗಿ ತಲೆ ಮುಚ್ಚಿಕೊಳ್ಳಬೇಕು. ಅವಳು ಶೆಡ್ಡಿನ ಸುತ್ತ ನಾಲ್ಕು ಕಡೆ ನಡೆದು ನೋಡಿದಳು. ಗದ್ದೆಗಳೆಲ್ಲ ಚಪ್ಪಟೆ. ಗಟ್ಟಿ ಕಟ್ಟಡವೆಂದರೆ ನಮ್ಮೂರಿನ ಹಳೆಯ ಕಲ್ಲಿನ ಬುರುಜು. ಅದು ಒಂದು ಮೈಲಿ ದೂರ. ತಗ್ಗು ಎಂಬುದು ಒಂದೇ ಇತ್ತು, ಶೆಡ್ಡಿನಿಂದ ಇಪ್ಪತ್ತು ಹೆಜ್ಜೆಯ ಮೇಲೆ. ಬೇಸಿಗೆಯಲ್ಲಿ ನೀರಿಲ್ಲದೆ ಒಣಗಿರುವ ಉಪಕಾಲುವೆ.

ಒಂದು ಸಂಜೆ ರೊಟ್ಟಿ ಬಡಿಯುತ್ತ ನನ್ನನ್ನು ಕೇಳಿದಳು.

"ಅಣ್ಣಾ, ಗಾಳಿ ಎದ್ರ ಮಕ್ಕಳನ್ನ ಕೆನಾಲದಾಗ ಮಲಗಸ್ತೀನಿ. ನೀರು ಬಿಡೂದು ನಿನ್ನ ಕೈಯಾಗ ಅದ. ಬಿಡೂ ದಿನ ನನಗ ಗೊತ್ತಾಗಬೇಕು ನೋಡು."

"ಗಾಳಿಗೂ ಸಾಲಿ ಕಲಸ್ತೀಯೇನ?" ಎಂದೆ.

"ಗಾಳಿಗಿ ಕಲಸೂದಾಗಿದ್ರ ಮೊದಲ ನಿನ್ನ ಕುಂಡರಸ್ತಿದ್ದೆ. ನೀನೂ ಯಾರ ಮಾತೂ ಕೇಳಾಂವಲ್ಲ."

ನನ್ನ ಹೆಂಡತಿ ನಕ್ಕಳು. ಅವಳಿಗೆ ಆಗ ಮೊದಲ ಬಸಿರು.

ಒಪ್ಪಂದ ಹೀಗಾಯಿತು. ಊರಿನಿಂದ ಗೇಟಿಗೆ ಹೋಗುವ ದಾರಿಯಲ್ಲಿ, ಕಾಲುವೆ ತಿರುಗುವ ಮೂಲೆಯಲ್ಲಿ, ಎತ್ತರದ ಬೇವಿನ ಮರವೊಂದಿತ್ತು. ಅದು ಶೆಡ್ಡಿಗೆ ಕಾಣುತ್ತಿತ್ತು. ನೀರು ಬಿಡುವ ದಿನ ನಾನು ಬೆಳಿಗ್ಗೆಯೇ ಅದರ ಟೊಂಗೆಗೆ ಕೆಂಪು ಅರಿವೆ ಕಟ್ಟಬೇಕು. ಅರಿವೆ ಕಂಡರೆ ಸುಜಾತಾ ಮಕ್ಕಳನ್ನು ಕರೆದುಕೊಂಡು ಹೋಗಿ ಊರ ಬುರುಜಿನ ಕೆಳಗಿನ ಕೋಣೆಯಲ್ಲಿ ಪಾಠ ಮಾಡುವುದು. ಕಾಣದಿದ್ದರೆ ಶೆಡ್ಡಿನಲ್ಲೇ. ಅವಳೇ ತನ್ನ ಹಳೆಯ ಲಂಗ ಹರಿದು, ಅಂಚು ಹೊಲಿದು ಆ ಅರಿವೆ ಮಾಡಿಕೊಟ್ಟಳು.

ಅವಳು ಅದನ್ನು ಮಕ್ಕಳಿಗೆ ಆಟದಂತೆ ಕಲಿಸಿದಳು. ನಾನು ಗೇಟಿನಿಂದ ಬರುವಾಗ ಎಷ್ಟೋ ಸಲ ದಂಡೆಯ ಮೇಲೆ ಕುಳಿತು ನೋಡಿದ್ದೇನೆ. ಅವಳು ತಟ್ಟೆ ಬಡಿಯುತ್ತಿದ್ದಳು. ಮಕ್ಕಳು ಪಾಟಿ ಬಿಟ್ಟು ಸಾಲಾಗಿ ಓಡಿ, ಕಾಲುವೆಯ ಇಳಿಜಾರಿನಲ್ಲಿ ಕುಂಡಿಯ ಮೇಲೆ ಜಾರಿ, ತಳದಲ್ಲಿ ಬೋರಲಾಗಿ ಮಲಗಿ ಕುತ್ತಿಗೆಯ ಹಿಂದೆ ಕೈ ಹೆಣೆಯುತ್ತಿದ್ದರು.

"ಜಂತಿಗಿ ಯಾರು ಜೋತು ಬೀಳ್ತಾರ?"

"ಬಾವಲಿ ಬೀಳ್ತಾವರೀ," ಎಂದು ಎಲ್ಲರೂ ಕೂಗುವರು.

"ತಗಡು ಹಾರಿ ಬಂದ್ರ ತಲಿ ಎತ್ತಿ ನೋಡಬೇಕೇನು?"

"ಬ್ಯಾಡ್ರಿ."

"ಯಾವಾಗ ಏಳಬೇಕು?"

"ಅಕ್ಕೋರು ಬೆನ್ನ ಮುಟ್ಟಿದ ಮ್ಯಾಲ."

ಇದು ಅವಳ ಸ್ವಂತ ನಿಯಮ. ಗಾಳಿಯ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ, ಒಂದು ಮಗು ನಡುವೆ ಎದ್ದರೆ ಎಲ್ಲವೂ ಏಳುತ್ತವೆ, ಅದಕ್ಕೆ ತಾನು ಬಂದು ಬೆನ್ನು ಮುಟ್ಟುವವರೆಗೆ ಯಾರೂ ಕದಲಬಾರದು. ಮೊದಮೊದಲು ಮಕ್ಕಳು ಕಳ್ಳಗಣ್ಣಿನಲ್ಲಿ ನೋಡುವುದು, ಪಕ್ಕದವನ ಕಾಲು ಚಿವುಟುವುದು ಎಲ್ಲ ಮಾಡುತ್ತಿದ್ದರು. ಬಾಲಮ್ಮ ಎಂಬ ಹುಡುಗಿ ಮಾತ್ರ ಕಲ್ಲಿನಂತೆ ಮಲಗುತ್ತಿದ್ದಳು. ಏಳು ವರ್ಷದವಳು, ಗುರುಮಠಕಲ್ ಕಡೆಯ ನರಸಮ್ಮನ ಮಗಳು. ಮನೆಯಲ್ಲಿ ತೆಲುಗು ಮಾತು. ಮುಖ ನೆಲಕ್ಕೆ ಹಚ್ಚಿಯೇ, "ಗಾಲಿ ಪೋಯಿಂದಾ ಅಕ್ಕೋರಾ?" ಎಂದು ಕೇಳುವಳು. ಗಾಳಿ ಹೋಯಿತೇ ಎಂದು. ಸುಜಾತಾ ಬೇಕೆಂದೇ ಅವಳನ್ನು ಕೊನೆಗೆ ಮುಟ್ಟುತ್ತಿದ್ದಳು. ಎಲ್ಲರೂ ಎದ್ದು ನಗುತ್ತ ನಿಂತಿದ್ದರೂ ಆ ಹುಡುಗಿ ಕದಲುತ್ತಿರಲಿಲ್ಲ.

"ನೋಡ್ರಿ, ಹಿಂಗ ಇರಬೇಕು," ಎಂದು ಉಳಿದವರಿಗೆ ತೋರಿಸುತ್ತಿದ್ದಳು.

ಆ ಬೇಸಿಗೆ ಎರಡು ಸಲ ನೀರು ಬಿಟ್ಟರು. ಎರಡು ಸಲವೂ ನಾನು ಅರಿವೆ ಕಟ್ಟಿದೆ. ಮಕ್ಕಳು ಸಾಲಾಗಿ ಬುರುಜಿಗೆ ಹೋದರು. ಆದರೆ ಆ ಅರಿವೆಯ ಅರ್ಥ ಮಕ್ಕಳಿಂದ ತಾಯಂದಿರಿಗೆ, ತಾಯಂದಿರಿಂದ ಕ್ಯಾಂಪಿನ ರೈತರಿಗೆ ಮುಟ್ಟಿತು. ಎರಡನೆಯ ಸಲ ನೀರು ಬರುವ ಮೊದಲೇ ದಂಡೆಯ ಉದ್ದಕ್ಕೂ ಡೀಸೆಲ್ ಪಂಪು ಇಳಿಸಿ ಕಾಯುತ್ತಿದ್ದರು. ಕಾಲುವೆಯ ಕೊನೆಯ, ಬಾಲದ ಹಳ್ಳಿಗಳ ಕುಡಿಯುವ ನೀರು ಮಡಿಗಳಿಗೆ ಹೋಯಿತು. ಮರುದಿನ ನೀರಾವರಿ ಇಲಾಖೆಯ ಸೆಕ್ಷನ್ ಸಾಹೇಬರು ಜೀಪಿನಲ್ಲಿ ಬಂದರು.

"ಏನೋ ಭೀಮರಾಯ, ಗಿಡಕ್ಕ ನಿಶಾನಿ ಹಾರಸ್ತೀಯಂತ. ನೀರು ಬರ್ತಾವ ಬರ್ರಿ ಅಂತ ಡಂಗುರ ಹೊಡಸಾಕ ಇಟ್ಟೀವೇನು ನಿನ್ನ?"

"ಸಣ್ಣ ಮಕ್ಕಳ ಸಲುವಾಗಿರಿ ಸಾಹೇಬ್ರ. ನಮ್ಮ ತಂಗಿ ಸಾಲಿ ಅದ ಅಲ್ಲಿ."

"ಖಾಯಂ ಮಾಡೂ ಯಾದಿಯೊಳಗ ನಿನ್ನ ಹೆಸರು ಅದ. ಅದು ಇರಬೇಕೋ ಬ್ಯಾಡೋ ನೀನ ವಿಚಾರ ಮಾಡು."

ಇಷ್ಟೇ ಅಂದರು. ಅರಿವೆ ಕಟ್ಟಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ. ಇದನ್ನು ನಾನು ಸರಿಯಾಗಿ ಬರೆಯಬೇಕು, ಏಕೆಂದರೆ ಎಷ್ಟೋ ವರ್ಷ ನನ್ನ ಮನಸ್ಸಿನೊಳಗೆ ನಾನು ತಪ್ಪನ್ನು ಅವರ ಮೇಲೆ ಹೊರಿಸಿ ಮಲಗಿದ್ದೇನೆ. ತಂಗಿಗಾದರೂ ಬಾಯಿಂದ ಹೇಳಬಹುದಿತ್ತು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಮೂರನೆಯ ಚೀಟಿ ಮೇ ತಿಂಗಳ ಒಂದು ಸಂಜೆ ಬಂತು. ಮರುದಿನ ಮಧ್ಯಾಹ್ನ ಮೂರಕ್ಕೆ ಗೇಟು ಎತ್ತು, ಯಾರಿಗೂ ಖಬರ್ ಆಗದಂತೆ ಎಂದು. ರಾತ್ರಿ ಊಟಕ್ಕೆ ಕುಳಿತಾಗ ಸುಜಾತಾಳಿಗೆ ಹೇಳಬೇಕೆಂದುಕೊಂಡೆ. ಹೇಳಿದರೆ ಇವಳು ಬೆಳಿಗ್ಗೆ ಮಕ್ಕಳನ್ನು ಬುರುಜಿಗೆ ನಡೆಸುತ್ತಾಳೆ, ಮಕ್ಕಳು ಬುರುಜಿಗೆ ಹೊರಟದ್ದನ್ನು ಕಂಡರೆ ಕ್ಯಾಂಪಿನವರು ಪಂಪು ಇಳಿಸುತ್ತಾರೆ, ನನ್ನ ಹೆಸರು ಹೋಗುತ್ತದೆ. ಬೆಳಿಗ್ಗೆ ನೋಡೋಣ ಎಂದು ಸುಮ್ಮನಾದೆ.

ಬೆಳಿಗ್ಗೆ ಅವಳು ನನ್ನ ಬುತ್ತಿ ಕಟ್ಟಿ ಕೊಟ್ಟಳು. ರೊಟ್ಟಿಯ ನಡುವೆ ಶೇಂಗಾ ಹಿಂಡಿ ಹಾಕಿದ್ದಳು. ಅಂಗಳದಲ್ಲಿ ನಿಂತು ಆಕಾಶ ನೋಡಿದಳು.

"ಮೋಡ ಒಂದೂ ಇಲ್ಲ. ಇವತ್ತ ಬಿಸಲ ಕೊಲ್ತದ."

"ಹೂಂ," ಎಂದೆ.

ಅವಳು ನೀರಿನ ಸುದ್ದಿ ಕೇಳಲಿಲ್ಲ. ಕೇಳುವ ಅಗತ್ಯ ಬೀಳಬಾರದು ಎಂದೇ ಆ ಅರಿವೆ ಇದ್ದದ್ದು. ಬೇವಿನ ಮರದ ಕೆಳಗೆ ಬಂದಾಗ ಅರಿವೆ ನನ್ನ ಚೀಲದಲ್ಲಿತ್ತು. ಕೈ ಹಾಕಿ ಮುಟ್ಟಿದೆ ಕೂಡ. ಮೋಡವಿಲ್ಲ. ಗಾಳಿಯಿಲ್ಲ. ಎಲೆ ಅಲುಗುತ್ತಿರಲಿಲ್ಲ. ಇಡೀ ಬೇಸಿಗೆಯಲ್ಲಿ ಗಾಳಿ ಬಂದಿಲ್ಲ, ಇವತ್ತೇ, ಅದೂ ಮೂರರ ಮೇಲೆಯೇ ಬರುತ್ತದೆಯೇ ಎಂದು ಲೆಕ್ಕ ಹಾಕಿದೆ. ಅರಿವೆಯನ್ನು ಬುತ್ತಿಯ ಕೆಳಗೆ ತುರುಕಿ ಮುಂದೆ ನಡೆದೆ.

ಮೂರಕ್ಕೆ ಗೇಟು ಎತ್ತಿದೆ. ಗೇಟಿನಿಂದ ಶೆಡ್ಡಿಗೆ ಒಂದೂವರೆ ಮೈಲಿ. ಒಣ ಕಾಲುವೆಯಲ್ಲಿ ನೀರು ಅಷ್ಟು ದೂರ ಹೋಗಲು ಒಂದು ತಾಸು ಹಿಡಿಯುತ್ತದೆ. ಆ ವಾಸನೆ ಎದ್ದಿತು. ನಾನು ಗೇಟಿನ ಕಟ್ಟೆಯ ನೆರಳಿನಲ್ಲಿ ಕಾಲು ಚಾಚಿ ಕುಳಿತೆ.

ಅರ್ಧ ತಾಸಿನ ಮೇಲೆ ಪಡುವಣ ಕಪ್ಪಾಯಿತು. ಅಷ್ಟು ಬೇಗ ಮೋಡ ಕಟ್ಟಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಹೊಲದಲ್ಲಿದ್ದ ದನ ಬಾಲ ಎತ್ತಿ ಊರ ಕಡೆ ಓಡಿದವು. ಮೋಡದ ಹೊಟ್ಟೆಯಿಂದ ಒಂದು ಬೂದಿ ಬಣ್ಣದ ಸೊಂಡಿಲು ಇಳಿಯಿತು. ಕೆಳಗೆ ಯಾರದೋ ಭತ್ತದ ಹುಲ್ಲಿನ ಬಣವೆ ಸುತ್ತುತ್ತ ಸುತ್ತುತ್ತ ಮೇಲೇರಿತು. ಅದು ಹೋಗುತ್ತಿದ್ದ ದಿಕ್ಕು ಕ್ಯಾಂಪು.

ಆಗ ನಾನು ಗೇಟಿನ ಹಿಡಿಕೆಗೆ ಹಾರಿದೆ. ತಿರುಪು ಸುತ್ತಿ ಸುತ್ತಿ ಗೇಟು ಇಳಿಸಿದೆ. ಅಂಗೈ ಚರ್ಮ ಎದ್ದು ಬಂತು. ಗೇಟು ತಳ ಮುಟ್ಟಿತು. ಆದರೆ ಮುಕ್ಕಾಲು ತಾಸಿನಿಂದ ಬಿಟ್ಟ ನೀರು ಮುಂದೆ ಇತ್ತು, ಇಳಿಜಾರಿನಲ್ಲಿ, ತನ್ನ ಪಾಡಿಗೆ ಹೋಗುತ್ತಿತ್ತು. ದಂಡೆಯ ಮೇಲೆ ಓಡಿದೆ. ಧೂಳಿನಲ್ಲಿ ದಾರಿ ಕಾಣದೆ ಎರಡು ಸಲ ಬಿದ್ದೆ. ಬೇವಿನ ಮರದ ಹತ್ತಿರ ಗಾಳಿ ನನ್ನನ್ನು ನೆಲಕ್ಕೆ ಒತ್ತಿ ಹಿಡಿಯಿತು. ಮರವನ್ನೇ ತಬ್ಬಿ ಮಲಗಿದೆ.

ನಾನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಶೆಡ್ಡು ಇದ್ದಲ್ಲಿ ನಾಲ್ಕು ಗುಂಡಿ ಇದ್ದವು. ಕಂಬ ಸಹಿತ ಕಿತ್ತು ಹೋಗಿತ್ತು. ಜಂತಿಯೊಂದು ಗದ್ದೆಯಲ್ಲಿ ನಟ್ಟು ನಿಂತಿತ್ತು. ಒಳಗೆ ಇದ್ದಿದ್ದರೆ ಒಂದು ಮಗುವೂ ಉಳಿಯುತ್ತಿರಲಿಲ್ಲ. ಸುಜಾತಾ ಕಲಿಸಿದ್ದು ಒಂದೂ ತಪ್ಪಿರಲಿಲ್ಲ. ಅದನ್ನು ಆ ದಿನ ಯಾರೂ ಹೇಳಲಿಲ್ಲ. ಇವತ್ತಿಗೂ ಯಾರೂ ಹೇಳಿಲ್ಲ.

ದಂಡೆಯ ಮೇಲೆ ಕೆಸರು ಮೆತ್ತಿದ ಮಕ್ಕಳು ಕೂತಿದ್ದರು. ಸುಜಾತಾ ಎಲ್ಲರನ್ನೂ ಕಾಲುವೆಯ ತಳದಲ್ಲಿ ಮಲಗಿಸಿದ್ದಳು. ಗಾಳಿ ತಲೆಯ ಮೇಲೆ ಹಾದು ಹೋಗುತ್ತಿದ್ದಾಗ ಮೊಳಕಾಲಿಗೆ ತಣ್ಣಗೆ ಏನೋ ತಾಗಿತಂತೆ. ನೋಡಿದರೆ ನೀರು. ಕೂಗಿದಳು, ಗಾಳಿಯಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಒಂದೊಂದೇ ಬೆನ್ನು ಮುಟ್ಟುತ್ತ ಹೋದಳು. ಮುಟ್ಟಿದ ಮಗು ಎದ್ದು ಇಳಿಜಾರು ಹತ್ತಲು ನೋಡುವುದು, ಪಾಚಿಗೆ ಜಾರುವುದು, ಇವಳು ತಳ್ಳುವುದು. ಅಷ್ಟರಲ್ಲಿ ನೀರು ಸೊಂಟಕ್ಕೆ ಬಂತು. ಇಪ್ಪತ್ತೊಂದು ಬೆನ್ನು ಮುಟ್ಟಿದಳು. ಸಾಲಿನ ಕೊನೆಯಲ್ಲಿ, ಕಾಲುವೆ ದಾಟುವ ಸಣ್ಣ ಸೇತುವೆಯ ಕೆಳಗಿನ ಕೊಳವೆಯ ಹತ್ತಿರ, ಬಾಲಮ್ಮ ಮಲಗಿದ್ದಳು. ಅವಳು ತಲೆ ಎತ್ತುವವಳಲ್ಲ.

ಕೊಳವೆಯ ಆಚೆ ಬಾಯಿಂದ ಕ್ಯಾಂಪಿನವರು ಅವಳನ್ನು ತೆಗೆದರು. ನರಸಮ್ಮ ಕೊಯ್ಲಿನ ಕುಡುಗೋಲು ಸೊಂಟದಲ್ಲೇ ಇಟ್ಟುಕೊಂಡು ಓಡಿ ಬಂದಳು. ಅವಳು ಸುಜಾತಾಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಮಗುವಿನ ಪಕ್ಕದಲ್ಲಿ ಕುಳಿತು ಸಣ್ಣ ದನಿಯಲ್ಲಿ ಹೇಳಿದಳು.

"ನೀವು ಏಳು ಅಂದಿದ್ರ ಎದ್ದು ಬರ್ತಿತ್ರೀ ಅಕ್ಕೋರ. ನಿಮ್ಮ ಮಾತು ಮೀರತಿದ್ದಿಲ್ಲ ಅದು."

ಸುಜಾತಾ ನನ್ನ ಕಡೆ ನೋಡಿದಳು. ಆಮೇಲೆ ಬೇವಿನ ಮರದ ಕಡೆ ನೋಡಿದಳು. ನಾನು ನನ್ನ ಕೈಯ ಗಾಯ ನೋಡುತ್ತ ನಿಂತೆ.

ಮರುದಿನ ಶಹಾಪುರದಿಂದ ಪೊಲೀಸರು ಮನೆಗೆ ಬಂದರು. ಸುಜಾತಾ ಒಳಗಿನ ಕೋಣೆಯಲ್ಲಿದ್ದಳು. ಅಂಗಳದಲ್ಲಿ ಜಮಾದಾರರು ನನ್ನನ್ನು ಕೇಳಿದರು.

"ನೀರು ಬಿಡೂ ಮುಂದ ಕೆಂಪು ಅರಿವಿ ಕಟ್ತೀಯಂತ. ನಿನ್ನೆ ಕಟ್ಟಿದ್ದೇನು?"

ಮನೆಯ ಬಾಗಿಲಲ್ಲಿ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಅದನ್ನೂ ನೆಪವೆಂದು ಹೇಳುತ್ತಿಲ್ಲ. ಬಾಯಿ ತಾನೇ ತೆರೆಯಿತು.

"ಕಟ್ಟಿದ್ದೆ ಸಾಹೇಬ್ರ. ಗಾಳಿಗಿ ಹಾರಿ ಹೋಗಿರಬೇಕು."

ಎಲ್ಲವೂ ಹಾರಿ ಹೋದ ದಿನ ಒಂದು ಅರಿವೆ ಹಾರಿ ಹೋಯಿತು ಎಂದರೆ ಯಾರು ನಂಬುವುದಿಲ್ಲ? ಅವರು ಬರೆದುಕೊಂಡರು. ಒಳಗಿನ ಕೋಣೆಗೆ ಅಂಗಳದ ಮಾತೆಲ್ಲ ಕೇಳುತ್ತಿತ್ತು.

ಅದರ ಮರುದಿನ ತಾಲ್ಲೂಕಿನ ಅಧಿಕಾರಿಗಳು ಜಮಾದಾರರ ಜೊತೆ ಜಾಗ ನೋಡಲು ಬಂದರು. ನಮ್ಮಿಬ್ಬರನ್ನೂ ಕರೆದುಕೊಂಡು ಬೇವಿನ ಮರದ ಹತ್ತಿರ ಹೋದರು. ಮರದ ಅರ್ಧ ಟೊಂಗೆ ಮುರಿದು ಬಿದ್ದಿದ್ದವು. ಉಳಿದ ಒಂದು ಟೊಂಗೆಯಲ್ಲಿ, ನಾನು ಯಾವಾಗಲೂ ಕಟ್ಟುವ ಎತ್ತರದಲ್ಲಿ, ಒಂದು ಗಂಟು ಇತ್ತು. ಗಂಟಿನಿಂದ ಗೇಣುದ್ದದ ಕೆಂಪು ಅರಿವೆಯ ಚೂರು ಜೋತಾಡುತ್ತಿತ್ತು.

"ಹೌದಲ್ಲ. ಹರಕೊಂಡು ಹೋಗ್ಯಾದ," ಎಂದರು ಜಮಾದಾರರು.

ಅಧಿಕಾರಿ ಸುಜಾತಾಳ ಕಡೆ ತಿರುಗಿದರು. "ಅವತ್ತು ಬೆಳಿಗ್ಗೆ ನೀವು ಇದನ್ನು ನೋಡಲಿಲ್ಲವೇನಮ್ಮಾ?"

ಅವಳು ಟೊಂಗೆಯ ಕಡೆ ಒಮ್ಮೆ ನೋಡಿದಳು.

"ನಾ ನೋಡಿದ್ದು ತಪ್ಪಿರಬೇಕ್ರಿ," ಎಂದಳು. "ಅಣ್ಣ ಕಟ್ಟಿಲ್ದ ಇರಾಂವಲ್ಲ."

ಆ ಗಂಟು ನನ್ನದಲ್ಲ. ನಾನು ದನದ ಕಣ್ಣಿ ಕಟ್ಟಿ ಬೆಳೆದವನು, ನನ್ನ ಗಂಟು ಒಂದೇ ಎಳೆತಕ್ಕೆ ಬಿಚ್ಚುತ್ತದೆ. ಇದು ಲಂಗದ ಲಾಡಿಗೆ ಹೆಣ್ಣುಮಕ್ಕಳು ಹಾಕುವ ಜೋಡುಗಂಟು. ಅಲ್ಲಿದ್ದ ಯಾರಿಗೂ ಅದು ಕಾಣಲಿಲ್ಲ. ಸಂಜೆ ಮನೆಗೆ ಬಂದು ಬುತ್ತಿಯ ಚೀಲ ತೆಗೆದು ನೋಡಿದೆ. ಅರಿವೆ ಮಡಿಚಿಟ್ಟಂತೆಯೇ ಇತ್ತು, ಒಂದು ತುದಿ ಹರಿದಿತ್ತು. ಅವಳು ನನ್ನ ಹಿಂದೆ ಬಂದು ನಿಂತಿದ್ದಳು.

"ಒಬ್ಬರ ಮಾತಾದ್ರೂ ನಿಲ್ಲಲಿ ಅಣ್ಣಾ. ಇಬ್ಬರದೂ ಹೋಗೂದು ಬ್ಯಾಡ."

ಆ ವಿಷಯದಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು, ಕೊನೆಯ ಮಾತೂ ಅದೇ.

ನಿಶಾನಿ ಇದ್ದರೂ ನೋಡದೆ ಮಕ್ಕಳನ್ನು ಕಾಲುವೆಗೆ ಇಳಿಸಿದಳು ಎಂದು ಕಾಗದದಲ್ಲಿ ಆಯಿತು. ಸಂಸ್ಥೆಯವರು ಶೆಡ್ಡನ್ನು ಮತ್ತೆ ಕಟ್ಟಲಿಲ್ಲ. ಅವಳಿಗೆ ಬೇರೆಲ್ಲೂ ಕಲಿಸಲು ಮಕ್ಕಳನ್ನು ಕೊಡಲಿಲ್ಲ. ಅವಳು ಮಾರ್ಕ್ಸ್ ಕಾರ್ಡನ್ನು ಗೋಡೆಯಿಂದ ಇಳಿಸಿ, ಕುಡುಗೋಲು ಹಿಡಿದು ಭತ್ತದ ಕೊಯ್ಲಿಗೆ ಹೋದಳು. ಎರಡು ವರ್ಷದ ಮೇಲೆ ರಂಗಂಪೇಟೆಯ ಒಬ್ಬ ವಿಧುರನಿಗೆ ಕೊಟ್ಟೆವು. ಅವಳಿಗೆ ಮಕ್ಕಳಾಗಲಿಲ್ಲ. ನನ್ನ ಮಕ್ಕಳು ರಜೆಯಲ್ಲಿ ಹೋದರೆ ಊಟಕ್ಕೆ ಹಾಕುವಳು, ತಲೆ ಬಾಚುವಳು. ಒಂದು ಅಕ್ಷರ ಕಲಿಸು ಅತ್ತೀ ಎಂದರೆ, ನನಗ ಮರತು ಹೋಗ್ಯಾದ ಎನ್ನುವಳು.

ನಾನು ಖಾಯಂ ಆದೆ. ಮೂವತ್ತು ವರ್ಷ ಗೇಟು ಎತ್ತಿದೆ, ಇಳಿಸಿದೆ. ಆ ಘಟನೆಯ ಮೇಲೆ ನೀರು ಬಿಡುವ ದಿನ ಬೇವಿನ ಮರಕ್ಕೆ ತಪ್ಪದೆ ಅರಿವೆ ಕಟ್ಟಬೇಕೆಂದು ಮೇಲಿನವರೇ ಹುಕುಂ ಮಾಡಿದರು. ಕಟ್ಟಿದೆ. ನೋಡುವವರು ಯಾರೂ ಇರಲಿಲ್ಲ.

ಒಮ್ಮೆ ನರಸಮ್ಮನಿಗೆ ಹೇಳಿಬಿಡಬೇಕೆಂದು ಗುರುಮಠಕಲ್‌ಗೆ ಹೋದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವಳ ಊರಿನ ಬಸ್ಸು ಕೇಳಿದೆ. ಎದುರಿಗೇ ನಿಂತಿದೆ ಎಂದರು. ಅದು ಹೊರಡುವವರೆಗೆ ಚಹಾ ಕುಡಿಯುತ್ತ ಕುಳಿತೆ. ಹೊರಟ ಮೇಲೆ ಯಾದಗಿರಿಯ ಬಸ್ಸು ಹತ್ತಿ ಮರಳಿ ಬಂದೆ.

ಸುಜಾತಾ ಎರಡು ವರ್ಷದ ಹಿಂದೆ ತೀರಿಕೊಂಡಳು. ಕೊನೆಯ ವಾರ ನಾನು ರಂಗಂಪೇಟೆಯಲ್ಲೇ ಇದ್ದೆ. ಒಂದು ಮಧ್ಯಾಹ್ನ ಅವಳ ಮಂಚಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಿದ್ದೆ. ಹೊರಗೆ ಗಾಳಿ ಎದ್ದು ಕಿಟಕಿ ಬಡಿಯಿತು. ಅವಳ ಕೈ ಬಂದು ನನ್ನ ಬೆನ್ನ ಮೇಲೆ ನಿಂತಿತು. ಈಗ ಹೇಳಬೇಕು, ಈಗ ಹೇಳಿದರೆ ಕೇಳುತ್ತಾಳೆ ಎನಿಸಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಗಾಳಿ ನಿಂತಿತು. ಅವಳ ಕೈ ಜಾರಿತು. ನಿದ್ದೆಯಲ್ಲಿ ಮುಟ್ಟಿದ್ದೋ, ಎಚ್ಚರದಲ್ಲೋ ನನಗೆ ತಿಳಿಯಲಿಲ್ಲ.

ಈಗ ಆ ಶಾಲೆಯ ಜಗಲಿಗೆ ಬರುತ್ತೇನೆ. ಮಾಸ್ತರರು ಮಕ್ಕಳನ್ನು ಎಬ್ಬಿಸಿ ಕೂಡಿಸಿದರು.

"ಇನ್ನೊಂದು ಮಾತು ನೆನಪಿಡ್ರಿ. ಗಾಳಿ ಬಂತಂತ ಕೆನಾಲದಾಗ ಇಳೀಬಾರದು. ಹಿಂದಕ ಇದ ಕ್ಯಾಂಪಿನಾಗ ಒಬ್ಬ ಅಕ್ಕೋರು ಇದ್ದರಂತ. ಗಿಡಕ್ಕ ಕೆಂಪು ನಿಶಾನಿ ಕಟ್ಟಿದ್ರೂ ನೋಡ್ಲಿಲ್ಲ. ಮಕ್ಕಳನ್ನ ಇಳಿಸಿಬಿಟ್ರು. ನೀರು ಬಂದು ಒಂದು ಹುಡುಗಿ ಸತ್ತು ಹೋತು."

"ಅಕ್ಕೋರಿಗಿ ಕಣ್ಣು ಕಾಣಸ್ತಿದ್ದಿಲ್ಲೇನ್ರಿ ಸರ?" ಎಂದು ಒಬ್ಬ ಹುಡುಗಿ ಕೇಳಿದಳು. ಮಕ್ಕಳೆಲ್ಲ ನಕ್ಕರು.

"ಕಣ್ಣಿದ್ರ ಆಗಲಿಲ್ಲ. ಲಕ್ಷ್ಯ ಇರಬೇಕು," ಎಂದರು ಮಾಸ್ತರರು.

ಮಾಸ್ತರರ ತಪ್ಪಿಲ್ಲ. ಕಾಗದದಲ್ಲಿ ಇದ್ದದ್ದು ಅದೇ, ಊರ ಬಾಯಲ್ಲಿ ಉಳಿದದ್ದೂ ಅದೇ. ನಾನು ಎರಡು ಮೆಟ್ಟಿಲು ಹತ್ತಿದೆ. ಮಕ್ಕಳು ತಿರುಗಿ ನೋಡಿದರು. ಹಿಂದೆ ಕಾಲುವೆಯ ನೀರು ಬಂದು ಮುಟ್ಟಿತ್ತು, ಆ ವಾಸನೆ ಜಗಲಿಯವರೆಗೂ ಬಂತು.

"ಏನ್ರಿ ಅಜ್ಜಾರ, ಯಾರು ಬೇಕಾಗಿತ್ತು?" ಎಂದು ಮಾಸ್ತರರು ಮರ್ಯಾದೆಯಿಂದಲೇ ಕೇಳಿದರು.

ಅಕ್ಕೋರು ನೋಡಿದ್ದರು, ಮರದಲ್ಲಿ ಏನೂ ಇರಲಿಲ್ಲ. ಹೇಳಬೇಕಾದದ್ದು ಇಷ್ಟೇ.

"ಕುಡ್ಯಾಕ ಒಂದಿಷ್ಟು ನೀರು ಕೊಡ್ರಿ," ಎಂದೆ.

ಕಣ್ಣಿನ ಮಾತು ಕೇಳಿದ್ದ ಆ ಹುಡುಗಿಯೇ ಓಡಿ ಹೋಗಿ ತಂಬಿಗೆ ತುಂಬಿ ತಂದು ಕೊಟ್ಟಳು. ಕುಡಿದು, ತಂಬಿಗೆ ಮರಳಿಸಿ, ಮೆಟ್ಟಿಲಿಳಿದು ಬಂದೆ.